ಥಾಣೆ ಖಾಡಿಯ ವಸಾಹತುಕಾಲದ ಬಂದರು ನಿಯಮಗಳು

ಮುಂಬಯಿ ಬಂದರಿನಿಂದ ಉತ್ತರಕ್ಕೆ ಥಾಣೆಯವರೆಗೆ, ಅಲ್ಲಿಂದ ಉಲ್ಲಾಸ್ ನದಿಯಲ್ಲಿ ಡೊಂಬಿವಲಿ ಮತ್ತು ಕಲ್ಯಾಣದವರೆಗೆ, ಪೂರ್ವದಡದಲ್ಲಿ ಬೇಲಾಪುರ, ಪನವೇಲ, ಉರಣಗಳವರೆಗೆ ಹಡಗು ದೋಣಿಗಳು ಎಲ್ಲಿ ಲಂಗರು ಹಾಕಬೇಕು, ಯಾರ ಅಪ್ಪಣೆ ಪಡೆದು ಚಲಿಸಬೇಕು, ಎಷ್ಟು ತೆರಿಗೆ ಕಟ್ಟಬೇಕು, ನೀರಿನಲ್ಲಿ ಏನನ್ನು ಮಾಡಬಾರದು ಎಂಬುದನ್ನು ಪೋರ್ಚುಗೀಸರು ಮತ್ತು ಬ್ರಿಟಿಷರು 1534ರಿಂದ 1947ರವರೆಗೆ ಗೊತ್ತುಪಡಿಸಿದ ಕಟ್ಟಳೆಗಳ ಸಮೂಹಕ್ಕೆ ಥಾಣೆ ಖಾಡಿಯ ವಸಾಹತುಕಾಲದ ಬಂದರು ನಿಯಮಗಳು ಎಂದು ಹೆಸರು. ಒಪ್ಪಂದಗಳು, ರಹದಾರಿ ಪತ್ರಗಳು, ಕಂಪನಿಯ ಹುಕುಂಗಳು, 1838ರಿಂದ ಈಚಿನ ಕಾಯ್ದೆಗಳು, ಆ ಕಾಯ್ದೆಗಳ ಕೆಳಗೆ ಹೊರಟ ಸ್ಥಳೀಯ ನಿಯಮಾವಳಿಗಳು ಇವೆಲ್ಲ ಇದರಲ್ಲಿ ಸೇರುತ್ತವೆ. ಈ ನಿಯಮಗಳನ್ನು ಸಾಮಾನ್ಯವಾಗಿ ನೌಕಾಯಾನದ ಸುರಕ್ಷತೆಯ ಇತಿಹಾಸವಾಗಿ ಓದುವ ರೂಢಿಯಿದೆ. ಆ ಓದು ಅರ್ಧ ಮಾತ್ರ ಸರಿ. ಇವು ಹಡಗನ್ನು ಅದರ ಟನ್ ಅಳತೆಯಿಂದಲೂ ಅದು ತರುವ ವರಮಾನದಿಂದಲೂ ಗುರುತಿಸಿದವು. ಹೀಗಾಗಿ ಒಂದೇ ನೀರು ಎರಡಾಗಿ ಒಡೆಯಿತು: ಕಾಪಾಡಬೇಕಾದ ಆಳದ ಬಂದರು ಒಂದು, ಸುಂಕ ವಸೂಲಿಗಷ್ಟೇ ಎಣಿಕೆಗೆ ಬಂದ ಖಾಡಿ ಇನ್ನೊಂದು. ಈ ಪ್ರದೇಶದ ಇಂದಿನ ಬಂದರು ನಕ್ಷೆಯಲ್ಲಿ ಆ ಒಡಕು ಉಳಿದುಕೊಂಡಿದೆ.

ಭೂಸ್ಥಿತಿ ಮತ್ತು ಪರಿಭಾಷೆ

ಸಹ್ಯಾದ್ರಿಯಲ್ಲಿ ಹುಟ್ಟುವ ಉಲ್ಲಾಸ್ ನದಿ ಕಲ್ಯಾಣ ಮತ್ತು ಡೊಂಬಿವಲಿಯನ್ನು ದಾಟಿ ಥಾಣೆಯ ಹತ್ತಿರ ಸಾಷ್ಟಿ ದ್ವೀಪಕ್ಕೆ ಮುಖಾಮುಖಿಯಾಗುತ್ತದೆ. ಅದರ ಮುಖ್ಯ ಹರಿವು ಪಶ್ಚಿಮಕ್ಕೆ ತಿರುಗಿ ಘೋಡಬಂದರಿನ ಮೂಲಕ ವಸಾಯಿಯಲ್ಲಿ ಸಮುದ್ರ ಸೇರುತ್ತದೆ. ಕಿರಿದಾದ ಇನ್ನೊಂದು ಕವಲು ಥಾಣೆಯ ಮಗ್ಗುಲಲ್ಲಿ ದಕ್ಷಿಣಕ್ಕೆ ಇಳಿದು ಸುಮಾರು 26 ಕಿಲೋಮೀಟರ್ ಉದ್ದದ ಥಾಣೆ ಖಾಡಿಯಾಗಿ ಮುಂಬಯಿ ಬಂದರಿನ ನೀರಿಗೆ ಕೂಡಿಕೊಳ್ಳುತ್ತದೆ. ಹೀಗೆ ಕಲ್ಯಾಣಕ್ಕೆ ಕಡಲಿನಿಂದ ಎರಡು ದಾರಿಗಳಿದ್ದವು, ಎರಡಕ್ಕೂ ಬಾಗಿಲು ಕಾಯುವವರು ಬೇರೆ ಬೇರೆ. ದೊಡ್ಡ ಉಬ್ಬರದ ದಿನಗಳಲ್ಲಿ ಇಲ್ಲಿ ನೀರು ನಾಲ್ಕು ಮೀಟರಿನ ಆಸುಪಾಸು ಏರಿಳಿಯುತ್ತದೆ. ಉಬ್ಬರಕ್ಕೆ ಏರಿ, ಇಳಿತದಲ್ಲಿ ಕೆಸರಿನ ಮೇಲೆ ಕುಳಿತು, ಮುಂದಿನ ಉಬ್ಬರಕ್ಕೆ ಮತ್ತೆ ಹೊರಡುವುದು ಖಾಡಿಯ ದೋಣಿಗಳ ನಿತ್ಯದ ನಡೆ. ಆಳದ ಹಡಗಿಗೆ ಇದು ಅಪಘಾತ, ಚಪ್ಪಟೆ ತಳದ ಮಚ್ವೆಗೆ ವಿಶ್ರಾಂತಿ.

ಈ ಲೇಖನದಲ್ಲಿ ಲಂಗರು ತಾಣ ಎಂದರೆ ದಡಕ್ಕೆ ತಾಗದೆ ನೀರಿನ ನಡುವೆ ಹಡಗು ನಿಲ್ಲಲು ಗೊತ್ತುಮಾಡಿದ ಜಾಗ. ಧಕ್ಕೆ ಎಂದರೆ ಸರಕು ಇಳಿಸುವ ಕಟ್ಟೆ. ಗೋದಿ ಎಂದರೆ ಬಾಗಿಲು ಹಾಕಿ ನೀರು ಹಿಡಿದಿಡುವ ಕಟ್ಟಿದ ಕೊಳ. ದೇಶಿ ಹಾಯಿಹಡಗು ಎಂಬುದು ಪತ್ತೆಮಾರಿ, ಮಂಜಿ, ಮಚ್ವೆ ಮೊದಲಾದವಕ್ಕೆ ಒಟ್ಟಾಗಿ ಬಳಸಿದ ಪದ. ಅವುಗಳ ಒಡೆಯ ಅಥವಾ ಮುಖ್ಯಸ್ಥ ನಾಖುದಾ, ಚುಕ್ಕಾಣಿಯ ಹೊಣೆಗಾರ ತಂಡೇಲ, ಕೆಲಸಗಾರರು ಖಲಾಸಿಗಳು. ಇಲ್ಲಿ ಹೇಳುವ ಕಲ್ಯಾಣ ಬೀದರ ಜಿಲ್ಲೆಯ ಬಸವಕಲ್ಯಾಣವಲ್ಲ.

ವಸಾಹತಿಗೆ ಮೊದಲಿನ ಕಟ್ಟಳೆ

ಹಡಗನ್ನು ಇಂಥಲ್ಲಿಯೇ ನಿಲ್ಲಬೇಕೆಂದು ಒತ್ತಾಯಿಸುವ ಅಧಿಕಾರ ಯುರೋಪಿಯನ್ನರೊಂದಿಗೆ ಬಂದದ್ದಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನೌಕಾ ಕೈಪಿಡಿ ಪೆರಿಪ್ಲಸ್ ಕಲ್ಯಾಣವನ್ನು ಹೆಸರಿಸುತ್ತದೆ. ಹಿಂದಿನ ಒಬ್ಬ ಅರಸನ ಕಾಲದಲ್ಲಿ ಅದು ಅಧಿಕೃತ ವ್ಯಾಪಾರ ಪಟ್ಟಣವಾಗಿತ್ತು; ಬೇರೊಬ್ಬನ ವಶವಾದ ಮೇಲೆ ಅಲ್ಲಿ ವ್ಯಾಪಾರಕ್ಕೆ ತಡೆಯುಂಟಾಗಿ, ತಪ್ಪಿ ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಒಯ್ಯಲಾಗುತ್ತಿತ್ತು ಎಂಬುದು ಅದರ ವಿವರ. ಒಂದು ಬಂದರನ್ನು ಮುಚ್ಚಿ ಹಡಗನ್ನು ಇನ್ನೊಂದಕ್ಕೆ ತಿರುಗಿಸುವ ನೀತಿಯ ಬಗ್ಗೆ ಈ ನೀರಿನಲ್ಲಿ ಸಿಗುವ ಹಳೆಯ ದಾಖಲೆ ಇದು. ಶಿಲಾಹಾರರ ಕಾಲದಲ್ಲಿ ಸ್ಥಾನಕವೆಂದು ಹೆಸರಾಗಿದ್ದ ಥಾಣೆಯ ಬಗ್ಗೆ 13ನೇ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೋ ಬರೆದ ಮಾತು ಇನ್ನೂ ಕುತೂಹಲಕರ: ಅಲ್ಲಿನ ಅರಸ ಕಡಲ್ಗಳ್ಳರೊಂದಿಗೆ ಒಪ್ಪಂದ ಮಾಡಿಕೊಂಡಿದ್ದನಂತೆ, ಸಿಕ್ಕಿದ ಕುದುರೆಗಳೆಲ್ಲ ಅರಸನಿಗೆ, ಉಳಿದ ಸರಕು ಕಳ್ಳರಿಗೆ. ಆದರೆ ಈ ಹಳೆಯ ಏರ್ಪಾಡುಗಳು ಆಯಾ ಅರಸನ ಕೈಗೆಟಕುವ ನೀರಿಗೆ ಸೀಮಿತವಾಗಿದ್ದವು. ಕಡಲಿನ ಮೇಲೆ ಎಲ್ಲೇ ಹೋಗುವ ಹಡಗಿಗೂ ಒಂದೇ ಅಪ್ಪಣೆ ಬೇಕೆನ್ನುವುದು ಹೊಸ ವಿಚಾರ.

ಪೋರ್ಚುಗೀಸ್ ರಹದಾರಿ

ಆ ವಿಚಾರ ಖಾಡಿಗೆ ಬಂದದ್ದು 1534ರ ಡಿಸೆಂಬರಿನಲ್ಲಿ. ಹುಮಾಯೂನನ ಒತ್ತಡಕ್ಕೆ ಸಿಕ್ಕಿದ್ದ ಗುಜರಾತಿನ ಸುಲ್ತಾನ ಬಹಾದೂರ್ ಶಾ, ವಸಾಯಿಯನ್ನೂ ಅದಕ್ಕೆ ಸೇರಿದ ದ್ವೀಪ ಮತ್ತು ನೀರನ್ನೂ ಪೋರ್ಚುಗೀಸ್ ಗವರ್ನರ್ ನುನೊ ಡ ಕುನ್ಹಾನಿಗೆ ಬಿಟ್ಟುಕೊಟ್ಟ. ನೆಲದ ಹಸ್ತಾಂತರಕ್ಕಿಂತ ಒಪ್ಪಂದದ ಹಡಗು ಸಂಬಂಧಿ ಷರತ್ತುಗಳು ದೂರಗಾಮಿಯಾದವು. ಗುಜರಾತಿನಿಂದ ಕೆಂಪು ಸಮುದ್ರಕ್ಕೆ ಹೋಗುವ ಹಡಗುಗಳು ವಸಾಯಿಯಲ್ಲಿ ರಹದಾರಿ ಪಡೆದು ಹೊರಟು, ಮರಳಿ ಅಲ್ಲಿಗೇ ಬಂದು ಸುಂಕ ಕಟ್ಟಬೇಕು. ಸುಲ್ತಾನನ ಬಂದರುಗಳಲ್ಲಿ ಯುದ್ಧನೌಕೆ ಕಟ್ಟಬಾರದು. ಕರ್ತಾಜ್ ಎಂಬ ಆ ರಹದಾರಿಯಲ್ಲಿ ಹಡಗಿನ ಹೆಸರು, ಗಾತ್ರ, ಮುಖ್ಯಸ್ಥ, ಆಯುಧಗಳು ಮತ್ತು ಹೋಗುವ ಸ್ಥಳ ನಮೂದಾಗುತ್ತಿದ್ದವು. ನಿಷೇಧಿತ ಸರಕು ಹೊತ್ತರೆ ಅಥವಾ ಪತ್ರವಿಲ್ಲದೆ ಸಿಕ್ಕರೆ ಹಡಗು ಜಪ್ತಿ. ಕನ್ನಡ ಕರಾವಳಿಗೂ ಇದು ಅಪರಿಚಿತವಲ್ಲ: ಬಸರೂರು, ಹೊನ್ನಾವರ, ಮಂಗಳೂರುಗಳನ್ನು ಕುರಿತು ಕೆಳದಿಯ ನಾಯಕರು 17ನೇ ಶತಮಾನದಲ್ಲಿ ಗೋವಾದೊಂದಿಗೆ ನಡೆಸಿದ ಮಾತುಕತೆಗಳಲ್ಲಿ ಅಕ್ಕಿಯ ಜೊತೆಗೆ ಕರ್ತಾಜಿನ ಪ್ರಶ್ನೆಯೂ ಬರುತ್ತಿತ್ತು.

ಥಾಣೆ ಮತ್ತು ಉರಣದ ಬಳಿಯ ಕಾರಂಜಾಗಳಲ್ಲಿ ಸುಂಕದ ಕಟ್ಟೆಗಳನ್ನಿಟ್ಟುಕೊಂಡು ಪೋರ್ಚುಗೀಸರು ಖಾಡಿಯ ಎರಡೂ ತುದಿ ಹಿಡಿದಿದ್ದರು. ಇದರ ಬಿಗಿ ಎಷ್ಟಿತ್ತೆಂಬುದು ತಿಳಿಯುವುದು 1657ರಲ್ಲಿ ಶಿವಾಜಿ ಕಲ್ಯಾಣ ಮತ್ತು ಭಿವಂಡಿಯನ್ನು ಗೆದ್ದ ಮೇಲೆ. ಅಲ್ಲಿ ಹಡಗು ಕಟ್ಟಿಸಲು ಅವನು ರುಯಿ ಲೆಯ್ತಾಂವ್ ವಿಯೇಗಸ್ ಎಂಬ ಪೋರ್ಚುಗೀಸನನ್ನು ಕೆಲಸಕ್ಕಿಟ್ಟುಕೊಂಡಾಗ, 1659ರಲ್ಲಿ ಪೋರ್ಚುಗೀಸ್ ಅಧಿಕಾರಿಗಳು ಆತ ಕೆಲಸ ಬಿಟ್ಟುಬರುವಂತೆ ಮಾಡಿದರು. ಕಲ್ಯಾಣದಲ್ಲಿ ಕಟ್ಟಿದ ಹಡಗು ಕಡಲು ಕಾಣಬೇಕಾದರೆ ಅವರ ಕಣ್ಣೆದುರೇ ಹಾಯಬೇಕಿತ್ತು. ಕಲ್ಯಾಣದ ದುರ್ಗಾಡಿ ಕೋಟೆಯ ಬುಡದಲ್ಲಿ ನೀರಿತ್ತು, ಮರವಿತ್ತು, ಬಡಗಿಗಳಿದ್ದರು. ದಾರಿಯ ಹಕ್ಕು ಮಾತ್ರ ಬೇರೆಯವರ ಕೈಯಲ್ಲಿತ್ತು.

ಕಂಪನಿಯ ಕಾಲ

1661ರ ವಿವಾಹ ಒಪ್ಪಂದದಿಂದ ಮುಂಬಯಿ ಇಂಗ್ಲೆಂಡಿನ ದೊರೆಗೂ 1668ರಲ್ಲಿ ವರ್ಷಕ್ಕೆ ಹತ್ತು ಪೌಂಡಿನ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೂ ಬಂತು. ಬಂದರು ಬಂತು, ಅದರ ಹಿನ್ನೆಲ ಬರಲಿಲ್ಲ. ಅಕ್ಕಿ, ಸೌದೆ, ಮರ ಬರುತ್ತಿದ್ದದ್ದು ಎದುರು ದಡದಿಂದ. ದಾರಿಯಲ್ಲಿ ಥಾಣೆ ಮತ್ತು ಕಾರಂಜಾದ ಪೋರ್ಚುಗೀಸ್ ಸುಂಕ. ಈ ಸುಂಕದ ಜಗಳ ಹಲವು ದಶಕ ನಡೆಯಿತು. ಲಂಗರು ತಾಣದ ಹಕ್ಕು ಎಷ್ಟು ರಾಜಕೀಯವಾದದ್ದೆಂಬುದು 1670ರ ದಶಕದಲ್ಲಿ ಇನ್ನೊಂದು ಬಗೆಯಲ್ಲಿ ಬಯಲಾಯಿತು. ಜಂಜೀರಾದ ಸಿದ್ದಿಯ ನೌಕಾದಳ ಮಳೆಗಾಲ ಕಳೆಯಲು ಮಜಗಾಂವ್ ಬದಿಯ ನೀರನ್ನು ಬಯಸುತ್ತಿತ್ತು. ಸಿದ್ದಿ ಮೊಘಲ್ ಬಾದಶಹನ ಸೇವೆಯಲ್ಲಿದ್ದವನು, ಸೂರತ್ತಿನಲ್ಲಿ ಕಂಪನಿಯ ವ್ಯಾಪಾರ ಬಾದಶಹನ ಕೃಪೆಯಲ್ಲಿತ್ತು. ಆದರೆ ಅವನನ್ನು ತಂಗಲು ಬಿಟ್ಟರೆ ಎದುರು ದಡದ ಶಿವಾಜಿ ಸಿಟ್ಟಾಗುತ್ತಿದ್ದ. ಗವರ್ನರ್ ಜೆರಾಲ್ಡ್ ಆಂಜಿಯರ್ ಪೂರ್ತಿ ಒಪ್ಪಲೂ ಆಗದೆ ಪೂರ್ತಿ ನಿರಾಕರಿಸಲೂ ಆಗದೆ ಷರತ್ತುಗಳ ಮೇಲೆ ದಿನ ತಳ್ಳಿದ. ನಾಲ್ಕು ತಿಂಗಳು ಲಂಗರು ಇಳಿಸಿ ನಿಲ್ಲುವ ಅನುಮತಿಗೆ ಆಗ ಸಂಧಿ ವಿಗ್ರಹದ ತೂಕವಿತ್ತು. 18ನೇ ಶತಮಾನದ ಮೊದಲ ದಶಕಗಳಲ್ಲಿ ಮರಾಠಾ ನೌಕಾದಳದ ಮುಖ್ಯಸ್ಥ ಕಾನ್ಹೋಜಿ ಆಂಗ್ರೆಯ ದಸ್ತಕವೂ ಸೇರಿ ಒಂದೇ ಕಡಲಿನಲ್ಲಿ ಮೂವರ ರಹದಾರಿ ನಡೆಯುತ್ತಿತ್ತು. ನಾಖುದಾ ಯಾರ ಕಾಗದ ತೋರಿಸಬೇಕೆಂಬುದು ಎದುರಿಗೆ ಬಂದ ಹಡಗಿನ ಬಾವುಟ ನೋಡಿ ನಿರ್ಧಾರವಾಗುವ ಸಂಗತಿ.

ಮರಾಠರು 1737ರಲ್ಲಿ ಥಾಣೆಯನ್ನೂ 1739ರಲ್ಲಿ ವಸಾಯಿಯನ್ನೂ ಪೋರ್ಚುಗೀಸರಿಂದ ಕಿತ್ತುಕೊಂಡರು. 1774ರ ಡಿಸೆಂಬರಿನಲ್ಲಿ ಕಂಪನಿ ಥಾಣೆಯನ್ನು ಹಿಡಿಯಿತು, 1782ರ ಸಾಲಬಾಯಿ ಒಪ್ಪಂದದಲ್ಲಿ ಸಾಷ್ಟಿ ಅದಕ್ಕೇ ಉಳಿಯಿತು. 1817–18ರಲ್ಲಿ ಪೇಶ್ವೆ ಆಡಳಿತ ಮುಗಿದು ಕಲ್ಯಾಣ, ಭಿವಂಡಿ, ಪನವೇಲ, ಬೇಲಾಪುರಗಳೂ ಸೇರಿದ ಮೇಲೆ ಮುಂಬಯಿಯಿಂದ ಕಲ್ಯಾಣದವರೆಗಿನ ನೀರು ಶತಮಾನಗಳ ಬಳಿಕ ಒಂದೇ ಆಡಳಿತಕ್ಕೆ ಬಂತು. ಒಂದೇ ಆಡಳಿತವೆಂದ ಮೇಲೆ ಒಂದೇ ನಿಯಮ ಬರಬೇಕಿತ್ತು. ಹಾಗಾಗಲಿಲ್ಲ.

ಕಾಯ್ದೆಗಳ ರಚನೆ

1838ರ ಎರಡು ಕಾಯ್ದೆಗಳಿಂದ ಹೊಸ ಕಾಲ ಶುರುವಾಗುತ್ತದೆ. ಒಂದು ಮುಂಬಯಿ ಪ್ರಾಂತದ ಒಳನಾಡು ಸಾಗಣೆ ಸುಂಕವನ್ನು ರದ್ದುಮಾಡಿ ಕಡಲ ಸುಂಕವನ್ನು ಕ್ರಮಪಡಿಸಿತು. ಇನ್ನೊಂದು ಕರಾವಳಿ ಹಡಗುಗಳ ಕಾಯ್ದೆ: ಪ್ರಾಂತದ ನಿವಾಸಿಗಳ ಕರಾವಳಿ ಹಡಗು, ಮೀನುದೋಣಿ ಮತ್ತು ಬಂದರು ದೋಣಿಗಳು ನೋಂದಣಿ ಮಾಡಿಸಿ, ಹೆಸರು ಮತ್ತು ಸಂಖ್ಯೆಯನ್ನು ಮೈಮೇಲೆ ಕಾಣುವಂತೆ ಬರೆಸಿಕೊಳ್ಳಬೇಕೆಂದು ಅದು ವಿಧಿಸಿತು. ಬಂದರುಗಳಿಗೇ ಮೀಸಲಾದ ಮೊದಲ ಅಖಿಲ ಭಾರತ ಕಾಯ್ದೆ 1855ರ 22ನೆಯದು. ಅದನ್ನು 1875, 1889ರಲ್ಲಿ ಹೊಸದಾಗಿ ಬರೆದು, ಕೊನೆಗೆ 1908ರ 15ನೇ ಕಾಯ್ದೆಯಾಗಿ, ಅಂದರೆ ಭಾರತೀಯ ಬಂದರುಗಳ ಕಾಯ್ದೆಯಾಗಿ ನೆಲೆಗೊಳಿಸಲಾಯಿತು. ಇದರ ಪಕ್ಕದಲ್ಲಿ ಸರಕನ್ನು ಕುರಿತ 1878ರ ಕಡಲ ಸುಂಕ ಕಾಯ್ದೆ, ರೋಗ ಹೊತ್ತ ಹಡಗುಗಳನ್ನು ದೂರ ನಿಲ್ಲಿಸುವ 1870ರ ಕ್ವಾರಂಟೈನ್ ಕಾಯ್ದೆ, ಕಡವು ಮತ್ತು ಒಳನಾಡು ದೋಣಿಗಳಿಗಾಗಿ ಮುಂಬಯಿ ಪ್ರಾಂತದ 1868ರ ಕಾಯ್ದೆ, ಸಣ್ಣ ಬಂದರುಗಳ ಧಕ್ಕೆ ಶುಲ್ಕಕ್ಕಾಗಿ 1882ರ ಕಾಯ್ದೆ, ಉಪ್ಪಿನ ಸಾಗಣೆಗೆ ಪರವಾನಗಿ ಕೇಳುವ 1890ರ ಮುಂಬಯಿ ಉಪ್ಪು ಕಾಯ್ದೆ ಇದ್ದವು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರಿಂದ ಕಾರವಾರ, ಕುಮಟಾ, ಹೊನ್ನಾವರಗಳೂ ಈ ಪ್ರಾಂತೀಯ ಕಾಯ್ದೆಗಳ ಕೆಳಗೆ ಬಂದವು. ಕುಮಟಾದಲ್ಲಿ ಹತ್ತಿ ತುಂಬಿ ಮುಂಬಯಿಯಲ್ಲಿ ಇಳಿಸುವ ತಂಡೇಲನಿಗೆ ಎರಡೂ ಕಡೆ ಒಂದೇ ಸರ್ಕಾರದ ಕಾಗದ.

ಆಡಳಿತದ ಶಿಖರದಲ್ಲಿದ್ದವನು ಕನ್ಸರ್ವೇಟರ್ ಎಂಬ ಬಂದರು ಪಾಲಕ. ಅವನ ಕೆಳಗೆ ಹಾರ್ಬರ್ ಮಾಸ್ಟರ್, ಸಹಾಯಕರು, ಪೈಲಟ್‌ಗಳು. ಮುಂಬಯಿಯಲ್ಲಿ ಧಕ್ಕೆಗಳು ಬಹುಕಾಲ ಖಾಸಗಿಯವರ ಕೈಯಲ್ಲಿದ್ದವು. ಎಲ್ಫಿನ್‌ಸ್ಟನ್ ಕಂಪನಿಯ ಏಕಸ್ವಾಮ್ಯಕ್ಕೆ ಅಂಜಿ ಸರ್ಕಾರ ಅದರ ಆಸ್ತಿಯನ್ನು ಕೊಂಡುಕೊಂಡಿತು, 1873ರಲ್ಲಿ ಮುಂಬಯಿ ಪೋರ್ಟ್ ಟ್ರಸ್ಟ್ ಹುಟ್ಟಿತು. 1880ರಲ್ಲಿ ಪ್ರಿನ್ಸಸ್ ಡಾಕ್, ಅದರ ಬೆನ್ನಿಗೆ ವಿಕ್ಟೋರಿಯಾ ಡಾಕ್, 1914ರಲ್ಲಿ ಅಲೆಕ್ಸಾಂಡ್ರಾ ಡಾಕ್ ತೆರೆದವು. ಗೋದಿಗಳು ಬರುವವರೆಗೆ ದೊಡ್ಡ ಹಡಗುಗಳೆಲ್ಲ ನಡುನೀರಿನಲ್ಲಿ ಲಂಗರು ಹಾಕಿ ದೋಣಿಗಳಿಗೆ ಸರಕು ಇಳಿಸುತ್ತಿದ್ದವು. ಹಾಗಾಗಿ ನಿಯಮಾವಳಿಯ ಮೂಲ ಕಾಳಜಿ ಲಂಗರು ತಾಣವೇ, ಗೋದಿಯಲ್ಲ.

ನಿಯಮಗಳ ಬಗೆಗಳು

1908ರ ಕಾಯ್ದೆಯ 6ನೇ ಕಲಮು ನಿಯಮ ಮಾಡಬಹುದಾದ ವಿಷಯಗಳನ್ನು ಪಟ್ಟಿಮಾಡುತ್ತದೆ: ಒಳಬರುವ ಹೊರಡುವ ಹೊತ್ತು ಮತ್ತು ವೇಗ, ಯಾವ ಹಡಗಿಗೆ ಯಾವ ತಾಣ, ಲಂಗರು ಇಳಿಸುವ ಎತ್ತುವ ಕ್ರಮ, ಸರ್ಕಾರಿ ತೇಲುಬುರುಡೆಗಳಿಗೆ ಕಟ್ಟುವ ದರ, ಹಾಯಿಗಂಬ ಅಡ್ಡಗಂಬಗಳನ್ನು ಒಳಕ್ಕೆ ಎಳೆದುಕೊಳ್ಳುವುದು, ರಾತ್ರಿಯ ದೀಪ, ಹಗಲಿನ ಬಾವುಟ, ಹಡಗಿನಲ್ಲಿ ಸದಾ ಇರಬೇಕಾದ ಖಲಾಸಿಗಳ ಸಂಖ್ಯೆ, ಬಾಡಿಗೆ ದೋಣಿಗಳ ಲೈಸೆನ್ಸು. ಅಡ್ಡಗಂಬದ ನಿಯಮ ವಿಚಿತ್ರವೆನಿಸಬಹುದು. ಮಗ್ಗುಲು ಮಗ್ಗುಲಿಗೆ ನಿಂತ ಹಾಯಿಹಡಗುಗಳು ಉಬ್ಬರ ತಿರುಗಿದಾಗ ಲಂಗರಿನ ಸುತ್ತ ಒಟ್ಟಿಗೆ ತಿರುಗುತ್ತವೆ. ಚಾಚಿಕೊಂಡ ಕಂಬ ಆಗ ಪಕ್ಕದ ಹಡಗಿನ ಹಗ್ಗಗಳನ್ನು ಹರಿದುಬಿಡುತ್ತದೆ. ಸೂರ್ಯಾಸ್ತದ ಮೇಲೆ ನೀರಿಗೆ ಅಡ್ಡಲಾಗಿ ಹಗ್ಗ ಕಟ್ಟಿಟ್ಟಿರಬಾರದೆಂಬ ಕಲಮೂ ಇಂಥದೇ, ಕತ್ತಲಲ್ಲಿ ಬರುವ ದೋಣಿಗೆ ಅದು ಬಲೆ. ತುರ್ತಿನಲ್ಲಿ ಅಂಥ ಹಗ್ಗವನ್ನು ಕಡಿದುಹಾಕಲು ಪಾಲಕನಿಗೆ ಅಧಿಕಾರವಿತ್ತು, ಒಡೆಯನ ಒಪ್ಪಿಗೆ ಬೇಕಿರಲಿಲ್ಲ.

ಬೆಂಕಿಯ ನಿಯಮಗಳು ದೇಶಿ ಹಾಯಿಹಡಗಿನ ಬದುಕಿಗೆ ನೇರ ತಾಗುತ್ತಿದ್ದವು. ಹಡಗಿನ ಮೇಲೆ ಡಾಂಬರು, ರಾಳ ಕಾಯಿಸುವುದು, ತೆರೆದ ದೀಪ ಹಿಡಿದು ಪೀಪಾಯಿಯಿಂದ ಸಾರಾಯಿ ತೆಗೆಯುವುದು, ಗೊತ್ತಾದ ಜಾಗ ಬಿಟ್ಟು ಬೇರೆಡೆ ಹಡಗಿನ ತಳಕ್ಕೆ ಹೊಗೆಕೊಟ್ಟು ಬಳಿಯುವುದು ಅಪರಾಧಗಳಾಗಿದ್ದವು. ಮರದ ಹಡಗಿಗೆ ತಳ ಕೆರೆದು, ಹುಳು ಸುಟ್ಟು, ಎಣ್ಣೆ ಸುಣ್ಣ ಬಳಿಯುವುದು ಊಟದಷ್ಟೇ ಅಗತ್ಯ. ಥಾಣೆ ಅಥವಾ ಪನವೇಲದ ಕೆಸರಿನಲ್ಲಿ ಇಳಿತಕ್ಕೆ ಕುಳಿತಾಗ ಖಲಾಸಿಗಳು ಆ ಕೆಲಸ ಮುಗಿಸಿಕೊಳ್ಳುತ್ತಿದ್ದರು. ನಿಯಮ ಬಿಗಿಯಾದ ಬಂದರಿನಲ್ಲಿ ಅದಕ್ಕೆ ಜಾಗ ಕೇಳಬೇಕು, ಹೊತ್ತು ಕೇಳಬೇಕು.

ಕಸ ಮತ್ತು ಭಾರದ ನಿಯಮ ಕಾಯ್ದೆಯ ಮುಖ್ಯ ಕಲಮುಗಳಲ್ಲೊಂದು. ಖಾಲಿ ಹಡಗು ನೆಟ್ಟಗೆ ನಿಲ್ಲಲು ಹೊತ್ತು ತಂದ ಕಲ್ಲು ಮರಳನ್ನಾಗಲಿ, ದಿಬ್ಬ ಕಟ್ಟಬಲ್ಲ ಬೇರೆ ಯಾವುದನ್ನಾಗಲಿ ಬಂದರಿನ ನೀರಿಗೆ ಎಸೆಯಬಾರದು; ನೀರಿಗೆ ಕೊಚ್ಚಿಬರುವಂತೆ ದಡದಲ್ಲಿ ಸುರಿದರೂ ಅದೇ ಅಪರಾಧ. ದಂಡ 500 ರೂಪಾಯಿಯವರೆಗೆ, ತೆಗೆಸುವ ಖರ್ಚು ಬೇರೆ. ದಡದ ಕಲ್ಲು ಮಣ್ಣು ಕೀಳುವುದಕ್ಕೂ ತಡೆಯಿತ್ತು.

ವರಮಾನದ ನಿಯಮಗಳು ಟನ್ ಲೆಕ್ಕದಲ್ಲಿ ನಡೆಯುತ್ತಿದ್ದವು. ಸರಕು ಹೊತ್ತ ಹಡಗಿಗೆ ಪೂರ್ತಿ ಬಂದರು ತೆರಿಗೆ, ಖಾಲಿ ಬಂದದ್ದಕ್ಕೆ ಮುಕ್ಕಾಲನ್ನು ಮೀರದಂತೆ, ಬಂದು ಸರಕು ಇಳಿಸದೆ ತುಂಬದೆ ಹೋದದ್ದಕ್ಕೆ ಅರ್ಧ. ಹೊರಟು ಗಾಳಿಮಳೆಗೆ ಸಿಕ್ಕಿ ಹಿಂದಿರುಗಿದ ಹಡಗಿಗೆ ವಿನಾಯಿತಿ. ತೆರಿಗೆ ಬಾಕಿಯಿದ್ದರೆ ಹೊರಡಲು ಅನುಮತಿ ಪತ್ರ ಸಿಗುತ್ತಿರಲಿಲ್ಲ. ಕಾಯ್ದೆ ಮತ್ತೊಂದು ಗೆರೆ ಎಳೆದದ್ದು 200 ಟನ್ನಿನಲ್ಲಿ. 31ನೇ ಕಲಮು ಅನ್ವಯಿಸುವ ಬಂದರುಗಳಲ್ಲಿ ಅಷ್ಟು ಮತ್ತು ಅದಕ್ಕಿಂತ ದೊಡ್ಡ ಹಡಗು ಪೈಲಟ್ ಅಥವಾ ಹಾರ್ಬರ್ ಮಾಸ್ಟರ್ ಇಲ್ಲದೆ ಜಾಗ ಬಿಟ್ಟು ಕದಲುವಂತಿಲ್ಲ. 200 ಟನ್ ಮೀರಿದ ಹಡಗು ಬೆಂಕಿ ನಂದಿಸುವ ಪಂಪು ಇಟ್ಟುಕೊಳ್ಳಬೇಕು. ಪೈಲಟ್ ನಿಯಮದಲ್ಲಿ ಯಾಂತ್ರಿಕ ಹಡಗುಗಳಿಗೆ ಈ ಗೆರೆ ಇನ್ನೂ ಕೆಳಗಿತ್ತು. ಸರ್ಕಾರಿ ಹಡಗುಗಳಿಗೂ ವಿದೇಶಿ ಯುದ್ಧನೌಕೆಗಳಿಗೂ ಈ ಕಾಯ್ದೆಯೇ ಅನ್ವಯಿಸುತ್ತಿರಲಿಲ್ಲ.

ಖಾಡಿಯ ಬಂದರುಗಳು

ಥಾಣೆ, ಕಲ್ಯಾಣ, ಭಿವಂಡಿ, ಬೇಲಾಪುರ, ಪನವೇಲ, ಉರಣಗಳು ಸುಂಕ ಮತ್ತು ಉಪ್ಪು ಇಲಾಖೆಯ ಕಣ್ಣಿನಲ್ಲಿ ಬಂದರುಗಳೇ. 1882ರ ಥಾಣೆ ಜಿಲ್ಲೆಯ ಗೆಝೆಟಿಯರ್ ಅವುಗಳ ಆಮದು ರಫ್ತನ್ನು ದಾಖಲಿಸುತ್ತದೆ. ಅಕ್ಕಿ, ಉಪ್ಪು, ಹುಲ್ಲು, ಸೌದೆ, ಮರಳು, ಇಟ್ಟಿಗೆ ಇಳಿದು ಹೋಗುತ್ತಿದ್ದವು. ಹಂಚು, ತೆಂಗಿನಕಾಯಿ, ಒಣಮೀನು ಏರಿ ಬರುತ್ತಿದ್ದವು. ಇಲ್ಲಿ ನಾಖುದಾ ಮುಖಾಮುಖಿಯಾಗುತ್ತಿದ್ದದ್ದು ಹಾರ್ಬರ್ ಮಾಸ್ಟರನ್ನಲ್ಲ, ಸುಂಕದ ಕಟ್ಟೆಯ ಕಾರಕೂನನನ್ನು. ಕೇಳುತ್ತಿದ್ದದ್ದು ಕಡಲ ಸುಂಕ ಕಾಯ್ದೆಯಂತೆ ಕರಾವಳಿ ಹಡಗು ಇಟ್ಟುಕೊಳ್ಳಬೇಕಾದ ಸರಕು ಪುಸ್ತಕ, ಉಪ್ಪಿನ ಪರವಾನಗಿ, ಧಕ್ಕೆ ಶುಲ್ಕದ ಪಾವತಿ. ನೀರು ಎಷ್ಟು ಆಳವಿದೆ, ಹೂಳು ಎಲ್ಲಿ ಕಟ್ಟಿದೆ ಎಂಬುದು ಅವನ ಇಲಾಖೆಯ ಪ್ರಶ್ನೆಯೇ ಅಲ್ಲ. ಉಬ್ಬರದ ತಿಳಿವಳಿಕೆ ತಂಡೇಲನ ತಲೆಯಲ್ಲಿತ್ತು, ಮಳೆಗಾಲದಲ್ಲಿ ಹಡಗನ್ನು ದಡಕ್ಕೆಳೆದು ಮಡಲು ಹೊದಿಸಿ ನಾರಳಿ ಹುಣ್ಣಿಮೆಯ ಸುಮಾರಿಗೆ ಮತ್ತೆ ನೀರಿಗಿಳಿಸುವ ಕ್ರಮ ರೂಢಿಯಲ್ಲಿತ್ತು, ಮೀನುಬಲೆಯ ಗೂಟಗಳನ್ನು ಎಲ್ಲಿ ನೆಡಬೇಕೆಂಬುದು ಕೋಳಿ ಸಮುದಾಯದ ಮೀನುಗಾರರ ಒಳಒಪ್ಪಂದದಲ್ಲಿತ್ತು. ಈ ಕೊನೆಯದು ಮಾತ್ರ ದೊಡ್ಡ ಬಂದರಿನ ನಿಯಮಕ್ಕೆ ಡಿಕ್ಕಿ ಹೊಡೆಯಿತು. ಹಡಗುಗಳು ಸಾಗುವ ದಾರಿಗೆ ಗೂಟ ಅಡ್ಡಿಯಾದಾಗ ಹಿಂದೆ ಸರಿಯಬೇಕಾದದ್ದು ಗೂಟವೇ.

ಜನ ಸಾಗಿಸುವ ದೋಣಿಗಳ ನಿಯಮ ಮತ್ತೊಂದು ಸಡಿಲ ಕೊಂಡಿ. ಭಾವುಚಾ ಧಕ್ಕೆಯಿಂದ ರೇವಸಕ್ಕೆ ಹೊರಟ ರಾಮದಾಸ್ ಎಂಬ ಉಗಿಹಡಗು 1947ರ ಜುಲೈ 17ರಂದು ಮಳೆಗಾಲದ ಅಲೆಗೆ ಮಗುಚಿ ಆರು ನೂರಕ್ಕೂ ಹೆಚ್ಚು ಜನ ಸತ್ತರು. ವಸಾಹತು ಆಡಳಿತ ಮುಗಿಯಲು ಆಗ ಒಂದು ತಿಂಗಳೂ ಉಳಿದಿರಲಿಲ್ಲ.

ಆಕ್ಷೇಪಗಳು

ಖಾಡಿಯ ಬಂದರುಗಳನ್ನು ಕುಂದಿಸಿದ್ದು ಹೂಳು ಮತ್ತು ರೈಲು, ನಿಯಮಗಳಲ್ಲ ಎಂಬುದು ಮೊದಲ ಆಕ್ಷೇಪ. ಅದರಲ್ಲಿ ಹುರುಳಿದೆ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಥಾಣೆಗೆ ರೈಲು ಬಂತು, 1854ರ ಮೇ ತಿಂಗಳಲ್ಲಿ ಕಲ್ಯಾಣಕ್ಕೆ ಮುಟ್ಟಿತು. ಖಾಡಿಯ ಮೇಲೆ ಸೇತುವೆ ಎದ್ದಿತು. ದಖ್ಖನಿನ ಹತ್ತಿ ಇನ್ನು ಪನವೇಲದಲ್ಲಿ ದೋಣಿ ಹತ್ತಬೇಕಾಗಿರಲಿಲ್ಲ. ಮೊರ್ಮುಗೋವಾ ರೈಲು ಬಂದ ಮೇಲೆ ಕುಮಟಾಕ್ಕೂ ಇದೇ ಗತಿಯಾಯಿತು. ಆದರೆ ಹೂಳು ಮುಂಬಯಿಯ ಬಂದರಿಗೂ ಬರುತ್ತಿತ್ತು. ಅಲ್ಲಿ ಅದನ್ನು ತೆಗೆಯುವ ಹೊಣೆ ಒಬ್ಬ ಅಧಿಕಾರಿಯದು, ಖರ್ಚಿಗೆ ಟನ್ ಲೆಕ್ಕದಲ್ಲಿ ತುಂಬುವ ನಿಧಿ. ಖಾಡಿಯ ಧಕ್ಕೆಗಳ ಶುಲ್ಕ ಕಟ್ಟೆ ದುರಸ್ತಿಗೆ ಸಾಕಾದರೆ ದೊಡ್ಡದು, ನೀರಿನ ಆಳ ಕಾಪಾಡುವ ಕೆಲಸಕ್ಕೆ ಸಾಲುವಂಥದ್ದಲ್ಲ. ಪ್ರಕೃತಿ ಎರಡೂ ಕಡೆ ಒಂದೇ. ಅದರ ವಿರುದ್ಧ ಕೆಲಸ ಮಾಡಲು ಕಾನೂನು ಯಾರಿಗೆ ಹಣ ಮತ್ತು ಅಧಿಕಾರ ಕೊಟ್ಟಿತು ಎಂಬುದು ಬೇರೆ. ರೈಲಿನ ವಿಷಯದಲ್ಲೂ ಅಷ್ಟೆ, ಭಾರದ ಅಗ್ಗದ ಸರಕು ರೈಲು ಬಂದ ಮೇಲೂ ನೂರು ವರ್ಷಕ್ಕಿಂತ ಹೆಚ್ಚು ಕಾಲ ದೋಣಿಯಲ್ಲೇ ಹೋಯಿತು. ಮುಂಬ್ರಾ, ಡೊಂಬಿವಲಿ, ಕಲ್ಯಾಣದ ರೇತಿ ಬಂದರುಗಳು, ಅಂದರೆ ಮರಳು ಇಳಿಸುವ ಧಕ್ಕೆಗಳು, ಇದಕ್ಕೆ ಸಾಕ್ಷಿ. ಸರಕು ಇತ್ತು, ಅದಕ್ಕೆ ಬಂದರಿನ ಮಾನ್ಯತೆ ಮಾತ್ರ ಇರಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಸಣ್ಣ ದೋಣಿಗಳನ್ನು ಪೈಲಟ್ ನಿಯಮದಿಂದಲೂ ಮೀನುದೋಣಿಗಳನ್ನು ಬಂದರು ತೆರಿಗೆಯಿಂದಲೂ ಬಿಟ್ಟದ್ದು ಉಪಕಾರ, ಅದರಿಂದಲೇ ಅವು ಬದುಕಿದವು. ಇದು ನಿಜ. 200 ಟನ್ನಿನ ನಿಯಮವನ್ನು ಮಚ್ವೆಗೆ ಹಾಕಿದ್ದರೆ ಒಂದು ಉಬ್ಬರದ ಬಾಡಿಗೆ ಪೈಲಟ್ಟಿನ ಕೂಲಿಗೂ ಸಾಲುತ್ತಿರಲಿಲ್ಲ. ಆದರೆ ತೆರಿಗೆಯ ಲೆಕ್ಕದಿಂದ ಹೊರಗಿಟ್ಟದ್ದು ರಕ್ಷಣೆಯ ಲೆಕ್ಕದಿಂದಲೂ ಹೊರಬಿತ್ತು. ತೇಲುಬುರುಡೆ, ದೀಪ, ಆಳದ ಅಳತೆ ಇವೆಲ್ಲ ತೆರಿಗೆ ಕೊಡುವ ಹಡಗು ಹೋಗುವ ದಾರಿಯಲ್ಲೇ ಬಂದವು. 1867ರಲ್ಲಿ ಖಾಂದೇರಿಯಲ್ಲೂ 1875ರಲ್ಲಿ ಪ್ರಾಂಗ್ಸ್ ಬಂಡೆಯ ಮೇಲೂ ದೀಪಸ್ತಂಭಗಳು ಎದ್ದವು, ಎರಡೂ ಕಡಲಿನಿಂದ ಬರುವ ಹಡಗಿಗಾಗಿ.

ನಿಯಮಗಳು ಶುದ್ಧ ತಾಂತ್ರಿಕವಾದವು, ಇಂಗ್ಲೆಂಡಿನ ಬಂದರುಗಳಲ್ಲೂ ಹೀಗೇ ಇದ್ದವು ಎಂಬುದು ಮೂರನೆಯ ವಾದ. ಹಗ್ಗ, ದೀಪ, ಡಾಂಬರಿನ ಕಲಮುಗಳ ಮಟ್ಟಿಗೆ ಇದನ್ನು ಒಪ್ಪಬೇಕು. ಆದರೆ ಸುರಕ್ಷತೆಯೇ ಮೊದಲ ಗುರಿಯಾಗಿದ್ದರೆ ಅತ್ಯಂತ ಅಪಾಯದ ಹಡಗಿಗೆ ಅತ್ಯಂತ ಬಿಗಿ ನಿಯಮ ನಿಲ್ಲಬೇಕಿತ್ತು. ಸ್ಫೋಟಕ ಹೊತ್ತ ಹಡಗನ್ನು ಗೋದಿಗೆ ತಾರದೆ ನಡುನೀರಿನಲ್ಲಿ ದೋಣಿಗಳಿಗೆ ಇಳಿಸುವುದು ಶಾಂತಿಕಾಲದ ಪದ್ಧತಿ. ಯುದ್ಧದ ಅವಸರದಲ್ಲಿ ಅದನ್ನು ಸಡಿಲಿಸಲಾಗಿತ್ತು. ಸುಮಾರು 1,400 ಟನ್ ಸ್ಫೋಟಕವನ್ನೂ ಹತ್ತಿಯನ್ನೂ ಹೊತ್ತ ಫೋರ್ಟ್ ಸ್ಟಿಕೈನ್ 1944ರ ಏಪ್ರಿಲ್ 12ರಂದು ಬಂದು ವಿಕ್ಟೋರಿಯಾ ಡಾಕಿನೊಳಗೆ ನಿಂತಿತು. ಅಪಾಯದ ಸರಕು ಸೂಚಿಸುವ ಕೆಂಪು ಬಾವುಟ ಅದರ ಮೇಲೆ ಹಾರಿರಲಿಲ್ಲ. 14ರ ಮಧ್ಯಾಹ್ನ ಹತ್ತಿಗೆ ಹತ್ತಿದ ಬೆಂಕಿ ಸಂಜೆ ನಾಲ್ಕರ ನಂತರ ಎರಡು ಸ್ಫೋಟಗಳಾಗಿ ಗೋದಿಗಳನ್ನೂ ಸುತ್ತಲಿನ ಬಸ್ತಿಗಳನ್ನೂ ಸುಟ್ಟಿತು, ನೂರಾರು ಜನ ಸತ್ತರು. ಮಚ್ವೆಯ ಮೇಲೆ ಡಾಂಬರು ಕಾಯಿಸುವುದನ್ನು ಅಪರಾಧವೆಂದ ವ್ಯವಸ್ಥೆಯೇ ಇದಕ್ಕೆ ದಾರಿ ಬಿಟ್ಟಿತ್ತು. 1897ರಲ್ಲಿ ಪ್ಲೇಗಿನ ಕಾರಣಕ್ಕೆ ಮುಂಬಯಿಯಿಂದ ಹಜ್ ಯಾತ್ರೆಯ ಹಡಗುಗಳನ್ನು ನಿಲ್ಲಿಸಿದಾಗಲೂ ನಿಯಮದ ಬಿಗಿ ಯಾರ ಮೇಲೆ ಬೀಳುತ್ತದೆಂಬುದನ್ನು ಯುರೋಪಿನ ಬಂದರುಗಳ ಒತ್ತಡವೇ ಬಹುಮಟ್ಟಿಗೆ ನಿರ್ಧರಿಸಿತ್ತು.

ಇಂದಿನ ಸ್ಥಿತಿ

ಕಾಯ್ದೆಗಳಲ್ಲಿ ಬೆಳೆದ ಒಡಕನ್ನು 1935ರ ಭಾರತ ಸರ್ಕಾರ ಕಾಯ್ದೆ ಅಧಿಕಾರ ಹಂಚಿಕೆಯಲ್ಲಿ ಕೂರಿಸಿತು: ಪ್ರಮುಖ ಬಂದರುಗಳು ಕೇಂದ್ರಕ್ಕೆ, ಉಳಿದವು ಪ್ರಾಂತಗಳಿಗೆ. ಸಂವಿಧಾನದಲ್ಲಿ ಉಳಿದ ಬಂದರುಗಳು ಸಮವರ್ತಿ ಪಟ್ಟಿಗೆ ಹೋದವು, ಆದರೆ ವಿಭಜನೆ ಉಳಿಯಿತು. ಮುಂಬಯಿಗೆ 1963ರ ಪ್ರಮುಖ ಬಂದರು ನ್ಯಾಸ ಕಾಯ್ದೆ, ಈಗ 2021ರ ಪ್ರಮುಖ ಬಂದರು ಪ್ರಾಧಿಕಾರ ಕಾಯ್ದೆ. ನವಿಮುಂಬಯಿಯ ಪಕ್ಕದ ನ್ಹಾವಾ ಶೇವಾದಲ್ಲಿ 1989ರ ಮೇ 26ರಂದು ಆರಂಭವಾದ ಜವಾಹರಲಾಲ್ ನೆಹರೂ ಬಂದರೂ ಅದರ ಕೆಳಗೇ ಬರುತ್ತದೆ. ಥಾಣೆ, ಕಲ್ಯಾಣ, ಭಿವಂಡಿ, ಪನವೇಲ, ಉಲ್ವೆ-ಬೇಲಾಪುರಗಳು ಸಣ್ಣ ಬಂದರುಗಳಾಗಿ 1996ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ಸಾಗರ ಮಂಡಳಿಗೆ ಸೇರಿವೆ. ಒಂದೇ ಖಾಡಿಯ ಬಾಯಲ್ಲಿ ದೇಶದ ಅತಿ ದೊಡ್ಡ ಕಂಟೇನರ್ ಬಂದರುಗಳಲ್ಲೊಂದೂ ಮೇಲ್ಭಾಗದಲ್ಲಿ ಹೆಸರಿಗಷ್ಟೇ ಬಂದರಾಗಿರುವ ಊರುಗಳೂ ಇರುವುದಕ್ಕೆ ಭೂಗೋಳದಷ್ಟೇ ಈ ಆಡಳಿತದ ಗೆರೆಯೂ ಕಾರಣ. 1908ರ ಕಾಯ್ದೆ ನೂರು ವರ್ಷ ಮೀರಿ ನಡೆದು, 2025ರ ಭಾರತೀಯ ಬಂದರುಗಳ ಕಾಯ್ದೆ ಬಂದಾಗ ರದ್ದಾಯಿತು.

ಖಾಡಿಯ ನೀರಿಗೆ ಈಚೆಗೆ ಬೇರೆ ಕಾನೂನುಗಳೂ ಬಂದಿವೆ. 2015ರಲ್ಲಿ ಥಾಣೆ ಖಾಡಿಯ ಒಂದು ಭಾಗ ರಾಜಹಂಸಗಳ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಹಿಂದೆ ದಂಡಾರ್ಹವೆನಿಸಿದ್ದ ಕೆಸರಿನ ದಿಬ್ಬ ಅಲ್ಲಿ ಈಗ ಸಂರಕ್ಷಿತ ವಸ್ತು. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ಕಲ್ಯಾಣ–ಥಾಣೆ–ಮುಂಬಯಿ ದಾರಿಯನ್ನು 145 ಕಿಲೋಮೀಟರ್ ಉದ್ದದ 53ನೇ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಿದೆ. 2022ರ ಫೆಬ್ರವರಿಯಲ್ಲಿ ಬೇಲಾಪುರದಿಂದ ಮುಂಬಯಿಗೆ ಜಲಟ್ಯಾಕ್ಸಿ ಶುರುವಾಯಿತು. ವಸಾಯಿ ಖಾಡಿ ಮತ್ತು ಉಲ್ಲಾಸ್ ನದಿಯ ಜಲಸಾರಿಗೆಯ ಮೊದಲ ಹಂತಕ್ಕೆ ಕೋಲ್ಶೇತ್, ಕಾಲ್ಹೇರ್, ಮೀರಾ-ಭಾಯಂದರ್ ಮತ್ತು ಡೊಂಬಿವಲಿಯ ಧಕ್ಕೆಗಳನ್ನು ಆರಿಸಲಾಗಿದೆ. ಒಳನಾಡು ಜಲಮಾರ್ಗವೆಂದು ಹೆಸರಾದ ಕಾರಣ ಅಲ್ಲಿ ಓಡುವ ದೋಣಿಗಳ ನೋಂದಣಿ ಮತ್ತು ಸಿಬ್ಬಂದಿಯ ವಿಷಯಕ್ಕೆ 2021ರ ಒಳನಾಡು ಹಡಗುಗಳ ಕಾಯ್ದೆ ಅನ್ವಯಿಸುತ್ತದೆ. ಅದೇ ದೋಣಿ ಖಾಡಿಯಿಂದ ಮುಂಬಯಿ ಬಂದರಿನ ಎಲ್ಲೆಯೊಳಕ್ಕೆ ಬಂದಾಗ ಲಂಗರು ಹಾಕುವ ಜಾಗವನ್ನು ಗೊತ್ತುಮಾಡುವುದು ಬಂದರಿನ ಪಾಲಕ.